ಮಧ್ಯಾಹ್ನದ ಊಟದ ಬಗ್ಗೆ ಒಂದು ಮನವಿ

ಸಿಯೋಲ್, ಸೋಮವಾರ

ಮಾಲೀಕರಾದ ಪ್ಯೊನ್ ಅವರಿಗೆ ವಂದನೆಗಳು.

ಮತ್ತೆ ಕುರ್ಚಿ ಬದಲಾಯಿಸಬೇಕೆಂಬ ನಿಮ್ಮ ಆದೇಶ ತಲುಪಿತು. ಇನ್ನೂ ವರ್ಷ ತುಂಬದ ಕಂಪನಿಯಲ್ಲಿ ಇದು ಮೂರನೆಯ ಸಲ. ಕೋಡ್ ಬರೆಯುವವರು, ಡಿಸೈನಿನವರು, ಟೆಸ್ಟಿಂಗಿನವರು ಬೆರೆತು ಕೂತರೆ ತಂಡ ಒಂದಾಗುತ್ತದೆ ಎಂದಿರಿ. ಕೂತೆವು. ಆದರೆ ಊಟದ ಹೊತ್ತಾದರೆ ಸಾಕು, ಹಳೆಯ ಗುಂಪುಗಳೇ ಎದ್ದು ಹೊರಡುತ್ತವೆ. ಡಿಸೈನಿನವರು ನೂಡಲ್ಸ್ ಅಂಗಡಿಗೆ, ಟೆಸ್ಟಿಂಗಿನವರು ಕಿಮ್ಚಿ ಸಾರಿನ ಅಜ್ಜಿಯ ಹೋಟೆಲಿಗೆ.

ನಮ್ಮ ಆ್ಯಪಿನಲ್ಲಿ ಹಣ ಕಟ್ಟುವ ಬಟನ್ ಹಳೆಯ ಫೋನುಗಳಲ್ಲಿ ಕಾಣುವುದೇ ಇಲ್ಲ ಎಂದು ಟೆಸ್ಟಿಂಗಿನ ಬೊಮ್ ಆ ಸಾರಿನ ಮುಂದೆ ಬಿಡುಗಡೆಗೆ ಮುಂಚೆ ವಾರವಿಡೀ ಗೋಳಾಡಿದ್ದಳು. ಪಕ್ಕದಲ್ಲೇ ಕೂರುವ ಡಿಸೈನರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅವರು ನನಗಿಂತ ದೊಡ್ಡೋರು ಅಕ್ಕಾ. ಆಫೀಸಲ್ಲಿ ಎಲ್ಲರ ಮುಂದೆ ತಪ್ಪು ತೋರಿಸೋಕಾಗತ್ತಾ? ಜೊತೇಲಿ ಊಟಕ್ಕೆ ಕೂತಿದ್ರೆ ಹೆಂಗೋ ಹೇಳ್ತಿದ್ದೆ” ಎಂದಳು.

ಆ್ಯಪ್ ಬಿಡುಗಡೆಯ ದಿನ ಗಿರಾಕಿಗಳ ಬಾಯಿಂದ ಏನೇನು ಕೇಳಿದೆವೆಂದು ನಿಮಗೇ ಗೊತ್ತು. ನನಗಂತೂ ಸಾಕುಸಾಕಾಗಿದೆ.

ಆದ್ದರಿಂದ ಕುರ್ಚಿಗಳನ್ನು ಅವುಗಳ ಪಾಡಿಗೆ ಬಿಡಿ. ಅಜ್ಜಿಯ ಹೋಟೆಲಿನಲ್ಲಿ ಉದ್ದನೆಯ ಮೇಜೊಂದನ್ನು ಹೇಳಿಟ್ಟಿದ್ದೇನೆ. ನಾಳೆಯಿಂದ ಇಡೀ ತಂಡ ಅಲ್ಲೇ ಉಣ್ಣುತ್ತದೆ.

ಸುದ್ದಿ ಕೇಳಿ ನೀವು “ಹಾಗಾದ್ರೆ ನಾನೂ ಬರ್ತೀನಿ” ಅಂದಿರಂತೆ. ದಯವಿಟ್ಟು ಬರಬೇಡಿ. ನೀವು ಚಮಚ ಎತ್ತುವ ತನಕ ಯಾರೂ ಎತ್ತುವುದಿಲ್ಲ. ನೀವು ಚೆನ್ನಾಗಿದೆ ಎಂದುಬಿಟ್ಟರೆ, ಸಾರಿಗೆ ಉಪ್ಪೇ ಹಾಕದಿದ್ದರೂ ಯಾರೂ ಬಾಯಿ ಬಿಡುವುದಿಲ್ಲ. ಆ ಬಟನ್ನನ್ನೂ ಮೊದಲು ಚೆನ್ನಾಗಿದೆ ಎಂದವರು ನೀವೇ.

ಇದೊಂದನ್ನು ಬಿಟ್ಟು ನಿಮ್ಮ ಮಾತು ಮೀರದ,
ತಾಕ್ ಯೂನ್‌ಸಲ್
ತಂಡದ ಮುಖ್ಯಸ್ಥೆ