ಬ್ರೆಡ್ಡು ಕೇಳಿದ ಆರ್ಗಿರೋ

ಅಕ್ಟೋಬರ್ 3, 2019, ಗುರುವಾರ. ಬೆಳಿಗ್ಗೆ

ಎಂದಿನಂತೆ ಬ್ರೆಡ್ಡು ಎರಡು ತುಂಡು ಕತ್ತರಿಸಿದೆ. ಒಂದು ನನಗೆ, ಇನ್ನೊಂದು ಕೊನೆಗೆ ಕೋಳಿಗಳ ಪಾಲು. ಸಕ್ಕರೆ ಮುಗಿದಿದೆ. ಮಂಡಿ ನೋವು ಇದ್ದಷ್ಟೇ ಇದೆ.

ಕಲಮಾತಾ ಪಟ್ಟಣದಿಂದ ವಕೀಲ ದ್ರಾಗೊನಾಕೋಸನ ಫೋನ್. ಜೂನ್‌ನಲ್ಲಿ ನಮ್ಮ ಕೊಲ್ಲಿಯಲ್ಲಿ ಮುಳುಗಿ ಸತ್ತಳಲ್ಲ, ಆ ಇಂಗ್ಲಿಷ್ ಹೆಂಗಸು ಮಿಸೆಸ್ ಪ್ರೂಯೆಟ್, ಅವಳ ಕಾಗದಪತ್ರ ಗ್ರೀಕಿನಿಂದ ಇಂಗ್ಲಿಷಿಗೆ ಅನುವಾದ ಮಾಡಬೇಕಂತೆ. ಇವನು ಅವಳ ಅಣ್ಣನ ಪರ. ಗಂಡ ಬೇಕೆಂದೇ ಮುಳುಗಲು ಬಿಟ್ಟ ಎಂದು ಅಣ್ಣನ ಅನುಮಾನ. ಮುಂದಿನ ತಿಂಗಳು ಇಂಗ್ಲೆಂಡಿನಲ್ಲಿ ಸಾವಿನ ವಿಚಾರಣೆ. ಮುಳುಗಿದ್ದನ್ನು ಕಂಡವರು ಯಾರೂ ಇಲ್ಲ. ಆಮೇಲೆ ಗಂಡ ಹೇಗಿದ್ದ ಎಂಬುದಕ್ಕೆ ಮಾತ್ರ ಒಂದು ಸಾಕ್ಷಿ.

“ಡಿಮೀನರ್ ಮುಖ್ಯ, ಮೇಡಂ,” ಅಂದ. “ನೋಡೋರ ಕಣ್ಣಿಗೆ ಅವನು ಹೇಗೆ ಕಂಡ ಅನ್ನೋದು. ಅದಕ್ಕೆ ಸರಿಯಾದ ಇಂಗ್ಲಿಷ್ ಪದ ಹಾಕಿ. ಹದಿನೆಂಟಕ್ಕೆ ನನ್ನ ಕೈ ಸೇರಲಿ.”

ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು. ಒಂದು ಪದ ಸಿಗುವುದಿಲ್ಲವೇ.

ಅದೇ ದಿನ, ಸಂಜೆ

ಹೇಳಿಕೆ ಬಂತು. ಸಾಕ್ಷಿ ನಮ್ಮ ಸ್ತಮಾತಾ ಅತ್ತೆ. ಆ ದಂಪತಿ ಇಳಿದುಕೊಂಡಿದ್ದು ಅವಳ ಬಾಡಿಗೆ ಕೋಣೆಯಲ್ಲಿ. ಬರೆದುಕೊಂಡವನು ಬಂದರು ಪೊಲೀಸ್ ನಿಕೀತಾಸ್, ನನ್ನದೇ ಹಳೆಯ ಶಿಷ್ಯ. ಅಕ್ಷರ ಇನ್ನೂ ಕೋಳಿ ಕೆರೆದ ಹಾಗೇ ಇದೆ.

ಮೊದಲ ಪುಟ ಸಲೀಸು. ಹೊತ್ತು, ಜಾಗ, ದೋಣಿ. ಎರಡನೆಯದರಲ್ಲಿ —

“ಹೆಣ ದಡಕ್ಕೆ ತಂದ ಮೇಲೂ ಗಂಡ ಅಳಲಿಲ್ಲ. ಟವೆಲ್ ಮಡಿಸಿದ. ಅವಳ ಚಪ್ಪಲಿ ಜೋಡಿಸಿಟ್ಟ. ನನ್ನ ಹತ್ತಿರ ಬಂದು ಕಾಫಿ ಕೇಳಿದ. ಬ್ರೆಡ್ಡು ಕೇಳಿದ ಆರ್ಗಿರೋನ ಹಾಗೇ ಇದ್ದ.”

ನಾಲ್ಕು ಸಲ ಓದಿದೆ.

ಆರ್ಗಿರೋ ನಾನು.

ಅಕ್ಟೋಬರ್ 4, ಶುಕ್ರವಾರ

ಹಾಗಾದರೆ ಇದು ಗಾದೆ. ನಿಕೀತಾಸ್ ಹುಟ್ಟುವ ಮೊದಲಿನ ಮಾತನ್ನು ಅವನು ಏನೂ ಅನ್ನಿಸದೆ ಬರೆದುಕೊಂಡಿದ್ದಾನೆ. ‘ಉಪ್ಪಿನ ಹಾಗೆ ಬಿಳಿ’ ಎಂದು ಬರೆಯುವಷ್ಟೇ ಸಲೀಸಾಗಿ. ಆರ್ಗಿರೋ ಎಂದರೆ ಮೇಜಿನ ಆಚೆ ನಿಂತು ಅವನಿಗೆ ಪಾಠ ಹೇಳಿದವಳು ಎಂದು ಹೊಳೆದೂ ಇಲ್ಲ. ಊರೆಲ್ಲ ಅನ್ನುತ್ತದೆ. ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ. ನಾನು ಹೋದಾಗ ಮಾತು ಬದಲಾಯಿಸುತ್ತಿದ್ದರೇನೋ.

ನಲವತ್ತಾರು ವರ್ಷ. ಮರೆತಿದ್ದಾರೆ ಎಂದುಕೊಂಡಿದ್ದೆ.

ಪದ ಹುಡುಕಿದೆ. ಕೆಲಸ ಕೆಲಸವೇ.

ಕಾಮ್ — ಶಾಂತ, ಸಮುದ್ರಕ್ಕೆ ಹೇಳುವ ಮಾತು. ಕಂಪೋಸ್ಡ್ — ಅಂಗಿಗೆ ಇಸ್ತ್ರಿ ಹಾಕಿಕೊಂಡವರ ಪದ. ಡಿಟ್ಯಾಚ್ಡ್ — ಡಾಕ್ಟರುಗಳದ್ದು. ಕೋಲ್ಡ್... ಅವನ ಕೈ ಯಾರು ಮುಟ್ಟಿ ನೋಡಿದರು?

ಒಂದನ್ನೂ ಟೈಪ್ ಮಾಡಲಿಲ್ಲ. ಬ್ರೆಡ್ಡು ಕತ್ತರಿಸಲು ಹೋದೆ. ಕೈ ಬರಲಿಲ್ಲ.

ಅಕ್ಟೋಬರ್ 6, ಭಾನುವಾರ

ವಕೀಲನೇ ಫೋನ್ ಮಾಡಿದ. ಹೇಳಿಕೆ ಮತ್ತೆ ಓದಿದನಂತೆ.

“ಯಾರಮ್ಮ ಈ ಆರ್ಗಿರೋ? ನಿಮ್ಮೂರ ಹುಚ್ಚಿನಾ?”

ಅವನಿಗೆ ನಾನು ಮಿಸೆಸ್ ಮವ್ರೊಯಿದಿ. ಸಹಿಯಲ್ಲಿ ಬರೀ ‘ಎ’ ಹಾಕುತ್ತೇನೆ.

“ಊರಿನ ಮಾತು ಅದು,” ಅಂದೆ.

“ಅರ್ಥ ಏನು?”

“ಹೆಣದ ಮುಂದೆ ಕಲ್ಲಾಗಿ ಕೂತವರಿಗೆ ಅನ್ನೋದು.”

“ಹಂಗಾದ್ರೆ ಕ್ಯಾಲಸ್ ಅಂತ ಹಾಕಿ ಮುಗಿಸಿ. ಇಂಗ್ಲೆಂಡಿನೋರಿಗೆ ಆರ್ಗಿರೋ ಕಟ್ಕೊಂಡು ಏನಾಗ್ಬೇಕು?”

ಅವನು ಹೇಳಿದ್ದು ತಪ್ಪಲ್ಲ. ಅದೇ ಕಷ್ಟ. ಊರು ಆ ಮಾತನ್ನು ಯಾವ ಅರ್ಥದಲ್ಲಿ ಆಡುತ್ತದೋ ಅದಕ್ಕೆ ಸರಿಯಾದ ಇಂಗ್ಲಿಷ್ ಪದ ಅದೇ. ಕಲ್ಲುಹೃದಯ. ಬೇರೆ ಯಾವ ಅನುವಾದಕನಾದರೂ ಹಾಗೇ ಹಾಕುತ್ತಾನೆ, ಪ್ರಾಮಾಣಿಕವಾಗಿಯೇ. ಆ ಒಂದು ಪದ ಹಿಡಿದು ಆ ಮನುಷ್ಯನನ್ನು ಹೆಂಡತಿಯ ಕೊಲೆಗಾರ ಅನ್ನುತ್ತಾರೆ. ಆ ಆರ್ಗಿರೋಗೆ ಅದು ಸಲ್ಲುವ ಪದವಲ್ಲ ಎಂದು ಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ.

ಅಕ್ಟೋಬರ್ 14, ಸೋಮವಾರ

ಎಂಟು ದಿನ ಏನೂ ಬರೆಯಲಿಲ್ಲ. ಕೋಳಿಗಳಿಗೆ ಕಾಳು ಹಾಕಿದೆ. ಬ್ರೆಡ್ಡು ತರಲಿಲ್ಲ. ನಿನ್ನೆ ಮಧ್ಯಾಹ್ನ ಅಡುಗೆಮನೆಯ ಕುರ್ಚಿ ತಾನಾಗಿ ಸರಿದ ಸದ್ದಾಯಿತು. ಗಾಳಿ ಇರಲಿಲ್ಲ. ಹೋಗಿ ನೋಡಲಿಲ್ಲ. ಯಾರೆಂದು ಗೊತ್ತು. ಏನು ಬೇಕೆಂದೂ ಗೊತ್ತು.

ಇವತ್ತು ಎದ್ದು ಸ್ತಮಾತಾ ಅತ್ತೆಯ ಮನೆಗೆ ಹೋದೆ. ಅಂಗಳದಲ್ಲಿ ಕೂತು ಹಸಿರು ಆಲಿವ್ ಕಾಯಿ ಕಲ್ಲಿನಿಂದ ಜಜ್ಜುತ್ತಿದ್ದಳು. ಎಪ್ಪತ್ತೊಂಬತ್ತು ಆಯಿತು, ಒಂದು ಏಟೂ ತಪ್ಪುವುದಿಲ್ಲ.

“ಬಾ ಕೂಸೆ. ಕಲ್ಲು ತಗೋ, ಸುಮ್ನೆ ಕೂರ್ಬೇಡ.”

ಹೇಳಿಕೆಯನ್ನು ಮುಂದಿಟ್ಟೆ. ಹತ್ತಿರದ ಅಕ್ಷರ ಅವಳಿಗೆ ಕಾಣದು. ಆ ಸಾಲನ್ನು ನಾನೇ ಓದಿ ಹೇಳಿದೆ. ಕಲ್ಲು ನಿಂತಿತು.

“ಬರ್ದೇ ಬಿಟ್ನಾ ಆ ಮುಂಡೇದು?” ಅಂದಳು. “ಬಾಯಿಗೆ ಬಂತು, ಅಂದೆ. ಊರಲ್ಲಿ ಎಲ್ಲಾರೂ ಅಂತಾರೆ.”

“ಯಾವಾಗಿಂದ?”

“ನಿಮ್ಮಮ್ಮ ಬದುಕಿದ್ದಾಗಿಂದ. ಅವಳೇ ಮೊದಲು ಅಂದಿದ್ದು.”

ಅದು ಗೊತ್ತಿರಲಿಲ್ಲ. ಸುಮಾರು ಹೊತ್ತು ಕಾಯಿ ಜಜ್ಜಿದೆ. ಬೆರಳಿಗೂ ಒಂದು ಏಟು ಬಿತ್ತು.

ಅಮ್ಮ ಶೋಕಗೀತೆ ಹಾಡುವುದರಲ್ಲಿ ಊರಿಗೇ ದೊಡ್ಡವಳು. ಬೇರೆಯವರ ಹೆಣದ ಮುಂದೆಯೂ ಅವಳನ್ನೇ ಕರೆಯುತ್ತಿದ್ದರು. ನನ್ನ ತಮ್ಮನನ್ನು ನೀರಿನಿಂದ ಎತ್ತಿ ತಂದ ದಿನ ಸ್ವಂತ ಮಗನ ತಲೆದೆಸೆಯಲ್ಲಿ ಕೂತು, ಹಾಡಿನ ನಡುವೆ ಹೆಸರು ಹಿಡಿದು ಕರೆದಳು. ‘ಆರ್ಗಿರೋ, ತಮ್ಮನಿಗೆ ನಿನ್ನದೊಂದು ಸಾಲು ಹೇಳು.’ ಹೆಂಗಸರೆಲ್ಲ ಅಳು ನಿಲ್ಲಿಸಿ ಕಾದರು. ಹನ್ನೆರಡು ವರ್ಷದವಳು ನಾನು, ಎದ್ದು ನಿಂತು ಕೇಳಿದೆ — ‘ಬ್ರೆಡ್ಡು ಇದೆಯಾ?’

ಅಮ್ಮ ಸಾಯುವತನಕ ನನ್ನ ಮುಖ ನೋಡಿ ಊಟಕ್ಕೆ ಕರೆದವಳಲ್ಲ.

“ಅತ್ತೆ,” ಅಂದೆ, “ಆ ಇಂಗ್ಲಿಷಿನವನು ಹೇಗಿದ್ದ ಅಂತ ಹೇಳ್ಬೇಡ. ಏನು ಮಾಡಿದ ಅಷ್ಟೇ ಹೇಳು.”

“ಹೇಳಿದ್ನಲ್ಲ. ಚಪ್ಪಲಿ, ಟವೆಲ್ಲು. ಆಮೇಲೆ ಬಂದು ಎರಡು ಕಾಫಿ ಕೇಳಿದ.”

“ಎರಡಾ?”

“ದಿನಾ ಹಂಗೇ ಅಲ್ವಾ. ಅವನಿಗೆ ಸಕ್ಕರೆ ಬೇಡ, ಅವಳಿಗೆ ಹಾಲು ಬೇಕು. ಎರಡು ಬೆರಳು ತೋರ್ಸಿದ.”

“ನೀನು ಕೊಟ್ಟೆಯಾ?”

“ಕೇಳ್ದೋರಿಗೆ ಇಲ್ಲ ಅನ್ನೋಕಾಗುತ್ತಾ? ತಂದಿಟ್ಟೆ. ತನ್ನದು ಕುಡಿದ. ಇನ್ನೊಂದು ತಣ್ಣಗಾಗೋವರೆಗೂ ಅದರ ಮುಂದೆ ಕೂತಿದ್ದ. ಅದಕ್ಕೊಂದು ತಟ್ಟೆ ಮುಚ್ಚಿಟ್ಟ ನೋಡು, ನೊಣ ಬೀಳದೆ ಇರ್ಲಿ ಅಂತ.”

“ಇದನ್ನ ನಿಕೀತಾಸ್‌ಗೆ ಹೇಳಿದೆಯಾ?”

“ಕಾಫಿ ಅಂತ ಅವನೇ ಬರ್ಕೊಂಡ. ಎಷ್ಟು ಅಂತ ಕೇಳ್ಲಿಲ್ಲ.”

ಎದ್ದು ಹೊರಟೆ. ಬಾಗಿಲ ಹತ್ತಿರ ಇದ್ದಾಗ ಹಿಂದಿನಿಂದ ಅಂದಳು:

“ಕೂಸೆ. ಅವತ್ತು ನಿಂಗೆ ಬ್ರೆಡ್ಡು ಕೊಟ್ಟಿದ್ದು ನಾನೇ ಕಣೆ. ನೀನು ತಿನ್ನಲಿಲ್ಲ. ತಮ್ಮನ ಕೈಗೆ ಇಟ್ಟೆ ನೀನು. ನಿಮ್ಮಮ್ಮ ಕಣ್ಣು ಬಿಡೋದ್ರೊಳಗೆ ನಾನು ಎತ್ತಿಬಿಟ್ಟೆ, ಪಾದ್ರಿ ನೋಡಿದ್ರೆ ಏನನ್ಕೋತಾರೋ ಅಂತ.”

“ಯಾರಿಗೂ ಯಾಕೆ ಹೇಳಲಿಲ್ಲ?”

“ನೀನೂ ಹೇಳ್ಲಿಲ್ವಲ್ಲ.”

ಮನೆಯವರೆಗೂ ಅಳುತ್ತಲೇ ಬಂದೆ. ಊರು ನೋಡಿದರೆ ನೋಡಲಿ.

ಅಕ್ಟೋಬರ್ 15, ಮಂಗಳವಾರ

ಅತ್ತೆಯನ್ನು ಬಂದರು ಪೊಲೀಸ್ ಕಚೇರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಸಾಕುಸಾಕಾಯಿತು. ‘ಈ ವಯಸ್ಸಲ್ಲಿ ಮಾತು ಬದಲಾಯಿಸಿದ್ಳು ಅನ್ನಿಸ್ಕೋಬೇಕಾ’ ಎಂದು ದಾರಿಯುದ್ದಕ್ಕೂ ಗೊಣಗಿದಳು.

ನಿಕೀತಾಸ್ ತಲೆ ಕೆರೆದುಕೊಂಡ. “ಮೇಡಂ, ಹೆಂಗಸು ಮುಳುಗಿದ ಕೇಸಿದು. ಕಾಫಿ ಒಂದಾ ಎರಡಾ ಅನ್ನೋದೆಲ್ಲ ಬೇಕಾ?”

“ಪರೀಕ್ಷೆಯಲ್ಲೂ ಹೀಗೇ ಅರ್ಧ ಉತ್ತರ ಬಿಟ್ಟು ಬರ್ತಿದ್ದೆ ನೀನು. ಬರಿ.”

ಬರೆದ. ಎರಡು ಕಾಫಿ, ಹಾಲು, ಮುಚ್ಚಿಟ್ಟ ತಟ್ಟೆ. ಅತ್ತೆ ಸಹಿ ಹಾಕಿದಳು. ಆಮೇಲೆ ಹಳೆಯ ಹೇಳಿಕೆ ತಿರುವಿಹಾಕುತ್ತಿದ್ದವನು ಆ ಸಾಲಿಗೆ ಬಂದ. ನನ್ನನ್ನು ನೋಡಿದ. ಕಿವಿ ಕೆಂಪಾಯಿತು.

“ಮೇಡಂ... ನೀವು ಅಂತ... ಅದು ಸುಮ್ನೆ ಒಂದು ಮಾತು ಅನ್ಕೊಂಡಿದ್ದೆ. ಅಳಿಸೋಣ ಅಂದ್ರೆ ಸಹಿ ಆಗಿಹೋಗಿದೆ. ಹೊಸದನ್ನ ಸೇರಿಸಬಹುದು, ಹಳೇದನ್ನ ತೆಗೆಯೋ ಹಾಗಿಲ್ಲ.”

“ಇರಲಿ ಬಿಡು,” ಅಂದೆ. “ಅದಕ್ಕೆ ನಾನು ಟಿಪ್ಪಣಿ ಬರೀತೀನಿ.”

ಅಕ್ಟೋಬರ್ 16, ಬುಧವಾರ

ವಕೀಲನಿಗೆ ಫೋನ್ ಮಾಡಿ ಹೇಳಿದೆ. ಅವನಿಗೆ ಸಿಟ್ಟು. “ನಿಮ್ಮನ್ನ ಅನುವಾದಕ್ಕೆ ಇಟ್ಕೊಂಡಿದ್ದು, ತನಿಖೆಗಲ್ಲ. ಒಂದು ಪದ ಹಾಕೋದು ಬಿಟ್ಟು ಅಡಿಟಿಪ್ಪಣಿನಾ? ಆರ್ಗಿರೋ ಮನಸ್ಸಲ್ಲಿ ಏನಿತ್ತು ಅಂತ ನಿಮಗೆ ಹೇಗೆ ಗೊತ್ತು?”

“ನಾನೇ ಆರ್ಗಿರೋ,” ಅಂದೆ.

“ಬರೀರಿ,” ಅಂದ. ಇಷ್ಟವಿಲ್ಲದೆಯೇ ಅಂದ, ಆದರೂ ಅಂದ.

ಅಕ್ಟೋಬರ್ 17, ಗುರುವಾರ. ಬೆಳಿಗ್ಗೆ

ಬ್ರೆಡ್ಡು ತಂದೆ. ಎರಡು ತುಂಡು. ಒಂದನ್ನು ಎದುರು ಕುರ್ಚಿಯ ಮುಂದೆ ಇಟ್ಟೆ. ಕೋಳಿಗಳಿಗೆ ಇವತ್ತು ಇಲ್ಲ.

ನಾಳೆ ಕಳಿಸಬೇಕು. ಉಳಿದದ್ದೆಲ್ಲ ಮುಗಿದಿದೆ. ಎರಡು ಕಾಫಿ ಅದರ ಜಾಗದಲ್ಲಿ ಕೂತಿದೆ. ಟಿಪ್ಪಣಿ ಒಂದೇ ಬಾಕಿ. ಇಂಗ್ಲಿಷಿನಲ್ಲಿ ಒಂದು ಸಾಲೂ ಏಳುತ್ತಿಲ್ಲ. ಮೊದಲು ಇಲ್ಲಿ ನಮ್ಮ ಮಾತಿನಲ್ಲೇ ಬರೆದುಕೊಳ್ಳುತ್ತೇನೆ, ಆಮೇಲೆ ಅನುವಾದ.

‘ಅನುವಾದಕಿಯ ಟಿಪ್ಪಣಿ. ಬ್ರೆಡ್ಡು ಕೇಳಿದ ಆರ್ಗಿರೋ: ಈ ಊರಿನ ನುಡಿಗಟ್ಟು. ಸಾವಿನ ಮನೆಯಲ್ಲಿ ಕರಗದವರಿಗೆ ಹೇಳುವುದು. ಊರಿನ ಬಳಕೆ ಹಾಗಿದ್ದರೂ ನಡೆದದ್ದು ಬೇರೆ. ಆ ಹುಡುಗಿ ಬ್ರೆಡ್ಡು ಕೇಳಿದ್ದು ತನಗಲ್ಲ. 1973ರ ಆಗಸ್ಟ್‌ನಲ್ಲಿ ಅವಳು ಬಂದರಿನ ಕಲ್ಲಿನ ಮೇಲೆ ಕೂತು ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ತಮ್ಮ ಲಿಗೋರಿಸ್, ಆರು ವರ್ಷ, ಪಕ್ಕದಲ್ಲಿ ಆಡುತ್ತಿದ್ದ. ಅಕ್ಕಾ ಹಸಿವು, ಬ್ರೆಡ್ಡು ಕೊಡು ಅಂದ. ಹತ್ತು ಪದ ಮುಗಿಯಲಿ, ಕೊಡ್ತೀನಿ ಅಂದಳು. ಅವನು ಮತ್ತೆ ಕೇಳಿದ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಏಳನೆಯ ಪದದ ಹೊತ್ತಿಗೆ ಅವನ ಸದ್ದು ನಿಂತಿತ್ತು. ಎಂಟನೆಯದನ್ನೂ ಓದಿದಳು. ಒಂಬತ್ತನೆಯದನ್ನೂ. ಹತ್ತನೆಯದನ್ನು ಮುಗಿಸಿ, ಬಾ ಲಿಗೋರಿ ಬ್ರೆಡ್ಡು ಕೊಡ್ತೀನಿ ಎಂದು ನಾನು ತಲೆ ಎತ್ತಿ