ಮೂರು ಮೂಲೆಯ ಜೀವಿಗಳು

ಅಕ್ಕಾ,

ಇಂದು ಬೆಳಿಗ್ಗೆ ಅಮ್ಮ ಭರಣಿಯಿಂದ ಉಪ್ಪಿನ ಹಲಸಿನ ಸೊಳೆ ತೆಗೆದು ನೆನೆಹಾಕಿ, ಒಂದನ್ನು ನಾಲಗೆಗೆ ತಾಗಿಸಿ ಮುಖ ಸಿಂಡರಿಸಿದಳು. "ಇನ್ನೂ ಸ್ವಲ್ಪ ನೀರು ಹಾಕು," ಎಂದಳು. ನಾನು ಹಾಕಲಾರದೆ ಹಿತ್ತಲಿಗೆ ಎದ್ದುಹೋದೆ. ಯಾಕೆಂದು ನಿನಗೊಬ್ಬಳಿಗೆ ಹೇಳಬೇಕು.

ಮೆಲ್ಕಾರಿನಿಂದ ತಂದ ಒಣಮೀನಿನ ಮೇಲೆ ನಸುಗೆಂಪು ಕಲೆ ಕಂಡು ಅಮ್ಮ ಎಸೆಯಲು ಹೊರಟದ್ದು ನೆನಪಿದೆಯಾ? "ಎಸೀಬೇಡಮ್ಮ, ಅದರಲ್ಲಿ ಜೀವ ಉಂಟು. ಉಪ್ಪಿದ್ರೆ ಮಾತ್ರ ಬದುಕುವಂಥದ್ದು," ಎಂದೆ ನೀನು.

"ಹಾಗಾದ್ರೆ ನೀನೇ ಸಾಕು ಮಾರಾಯ್ತಿ, ನನ್ನ ಅಡುಗೆಮನೆಯಲ್ಲಿ ಬೇಡ!"

ನೀನು ನಿಜಕ್ಕೂ ಸಾಕಿದೆ. ಮೂಡುಬಿದಿರೆಯ ಲ್ಯಾಬಿನಲ್ಲಿ ಉಪ್ಪುನೀರಲ್ಲಿ ಬೆಳೆಸಿ, ಒಂದು ಬಾಟಲಿ ಮನೆಗೂ ತಂದೆ. ಬಣ್ಣ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಸುರಾಗಿ ಹೊಳೆಯುತ್ತವೆ, ಸಮೋಸದ ಹಾಗೆ ಮೂರು ಮೂಲೆ ಎಂದೆ. ನಾನು ನಕ್ಕೆ. "ಒಂದು ದಿನ ತೋರಿಸ್ತೇನೆ," ಎಂದೆ ನೀನು. ಆಮೇಲೆ ಆ ಜ್ವರ, ಆಸ್ಪತ್ರೆ...

ನೀನು ಹೋದ ಮೇಲೆ ಬಾಟಲಿಯ ನೀರು ಇಳಿಯುತ್ತಾ ಬಂತು. ಒಣಗಿಹೋಗಬಾರದೆಂದು ಬಾವಿನೀರು ತುಂಬಿದೆ. ಅದೂ ಕಂಠದವರೆಗೆ. ಕನ್ನಡ ಎಂ.ಎ. ಮಾಡಿದವಳಿಗೆ ಇಷ್ಟೂ ತಿಳಿಯಬಾರದಾ?

ಕಳೆದ ವಾರ ರೇಷ್ಮಕ್ಕ ನನ್ನ ಕೈಯಲ್ಲಿ ಆ ಬಾಟಲಿ ಲ್ಯಾಬಿಗೆ ತರಿಸಿಕೊಂಡರು. ನಿನ್ನ ಜೊತೆ ಕೆಲಸ ಮಾಡುತ್ತಿದ್ದವರಲ್ಲವೇ, ನಿಮ್ಮಿಬ್ಬರ ಲೇಖನ ಅವರೇ ಮುಗಿಸುತ್ತಿದ್ದಾರೆ. ಲ್ಯಾಬಿನಲ್ಲಿದ್ದದ್ದು ನೋಡುವವರಿಲ್ಲದೆ ಕೆಟ್ಟಿತಂತೆ. ನೀನು ತೆಗೆದ ಚಿತ್ರಗಳು ಮಸುಕಂತೆ, ಮತ್ತೆ ತೆಗೆಯಬೇಕಂತೆ. ನಿನಗೆ ಗೊತ್ತಿಲ್ಲ, ಈಗ ಅಲ್ಲಿಗೆ ಹೊಸ ಮೈಕ್ರೋಸ್ಕೋಪ್ ಬಂದಿದೆ, ಕೂದಲೆಳೆಗಿಂತ ಎಷ್ಟೋ ಸಣ್ಣದನ್ನೂ ಸ್ಪಷ್ಟವಾಗಿ ತೋರಿಸುವಂಥದ್ದು. ಕತ್ತಲೆ ಕೋಣೆಯಲ್ಲಿ ಪರದೆ ಹಸುರಾಗಿ ಹೊಳೆಯಿತು. ಆದರೆ ಬರೀ ಚೂರುಗಳು. ಮೂಲೆಯೇ ಇಲ್ಲ.

"ಸಿಹಿನೀರು ತಾಗಿದ್ರೆ ಒಡೆದು ಹೋಗ್ತವೆ. ನೀನು ಇದಕ್ಕೆ ನೀರೇನಾದ್ರೂ ಹಾಕಿದ್ದೀಯಾ?" ಎಂದು ರೇಷ್ಮಕ್ಕ ಕೇಳಿದರು.

"ಇಲ್ಲ," ಎಂದೆ. ಯಾಕೆ ಹಾಗೆಂದೆನೋ, ಇವತ್ತಿಗೂ...

"ಹಾಗಾದ್ರೆ ಪಾಪ, ಮೂರು ಮೂಲೆ ಅಂತ ಅವಳಿಗೇ ಏನೋ ತಪ್ಪಿ ಕಂಡಿರಬೇಕು. ಆ ಭಾಗ ಲೇಖನದಿಂದ ಬಿಟ್ಟುಬಿಡುವ."

ನಾನು ತಲೆಯಾಡಿಸಿದೆ ಅಕ್ಕಾ. ನೀನು ಕಣ್ಣಾರೆ ಕಂಡದ್ದನ್ನು ಸುಳ್ಳೆಂದು ಒಪ್ಪಿಕೊಂಡು ಬಂದೆ. ನಾನು ಅವುಗಳನ್ನು ಕೊಂದದ್ದಾ, ಸಾಕಲು ಹೋದದ್ದಾ? ಅಷ್ಟು ಪ್ರೀತಿಯಿಂದ ಮಾಡಿದ ಕೆಲಸವನ್ನು ಹೇಳಲು ಇಷ್ಟೊಂದು ನಾಚಿಕೆ ಯಾಕೆ?

ನಾಳೆ ಪುಂಜಾಲಕಟ್ಟೆಯಲ್ಲಿ ಮೂಡುಬಿದಿರೆಯ ಮೊದಲ ಬಸ್ಸು ಹತ್ತುತ್ತೇನೆ. ಫೋನಿನಲ್ಲಾದರೆ ಅರ್ಧಕ್ಕೇ ನುಂಗಿಬಿಡುವವಳು ನಾನು, ನಿನಗೆ ಗೊತ್ತು. ರೇಷ್ಮಕ್ಕನ ಎದುರು ನಿಂತೇ ಹೇಳುತ್ತೇನೆ: ತಪ್ಪಿದ್ದು ಅಕ್ಕನಿಗಲ್ಲ, ನನಗೆ.

ನಿನ್ನ ತಂಗಿ