ನಿಂತ ಗಾಡಿಯ ಮೀಟರು

ಮನೆ, ಹೊಲಿಗೆ ಮೆಷಿನ್ನಿನ ಮೇಜು
ತಾರೀಖು ೩೦, ಶನಿವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಸೊಸೆ ಅಂತ ಬರೆಯಲು ಹೋದೆ, ಕೈ ಒಪ್ಪಲಿಲ್ಲ. ಹೇಗಿದ್ದೀಯ? ಮಣಿಕಟ್ಟಿನ ನೋವು ಪೂರ್ತಿ ಹೋಯಿತೋ, ಬೋರ್ಡಿನ ಮೇಲೆ ಹೆಚ್ಚು ಬರೆದ ದಿನ ಈಗಲೂ ಸೆಳೆಯುತ್ತದೋ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯ ಅಂತ ನಾನೇನೂ ನಂಬುವುದಿಲ್ಲ. ಅಮ್ಮ ಹೇಗಿದ್ದಾರೆ? ಯಜಮಾನರು ಹೋದ ಮೊದಲ ವರ್ಷ ಮನೆಯ ಗೋಡೆಗಳೇ ತಿನ್ನಲು ಬರುತ್ತವೆ, ನಾನು ಕಂಡವಳು. ನೀನು ಜೊತೆಗಿರುವುದು ಅವರಿಗೆ ಎಷ್ಟು ಆಸರೆಯೋ. ಅದಕ್ಕೇ ಇಷ್ಟು ದಿನ ಬಾ ಅಂತ ಒಂದು ಮಾತೂ ಬರೆಯಲಿಲ್ಲ. ನನ್ನ ಮಂಡಿ ಹಾಗೇ ಇದೆ. ಮೆಟ್ಟಿಲು ಕಂಡರೆ ಆಗುವುದಿಲ್ಲ, ಮೆಷಿನ್ನು ತುಳಿಯಲು ಮಾತ್ರ ಏನೂ ತಕರಾರಿಲ್ಲ. ನನ್ನ ಮಗರಾಯ ಊಟ ಮಾಡುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ. ಊರವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವವನು, ತನ್ನ ಬಾಯಿ ಮಾತ್ರ ತೆರೆಯುವುದಿಲ್ಲ. ಎಂಟು ತಿಂಗಳಿಂದ ಈ ಮನೆಯಲ್ಲಿ ಮಾತಾಡುವವರು ಇಬ್ಬರೇ, ನಾನು ಮತ್ತು ರೇಡಿಯೋ.

ವಿಷಯಕ್ಕೆ ಬರುತ್ತೇನೆ. ನಿನ್ನ ಕಾರಿನ ವಿಮೆ ಮುಗಿಯುತ್ತಿದೆ ಅಂತ ಹತ್ತು ದಿನದ ಹಿಂದೆ ನಿನ್ನ ಹೆಸರಿಗೆ ಕಾಗದ ಬಂತು. ಬೇರೆಯವರ ಕಾಗದ ಒಡೆಯಬಾರದು, ಒಡೆದೆ. ಬೈಯುವುದಿದ್ದರೆ ಬಂದು ಬೈ. ನಿನ್ನ ಕೈ ಮುರಿದ ದಿನದಿಂದ ಕಾರು ಶೆಡ್ಡಿನಲ್ಲೇ ನಿಂತಿದೆ. ಕೈ ಸರಿಹೋದ ಮೇಲೂ ನೀನು ಒಯ್ಯಲಿಲ್ಲ. ಧೂಳು ಕೂರುವುದನ್ನು ನೋಡಲಾರದೆ ಹಳೆಯ ಪರದೆಗಳನ್ನೆಲ್ಲ ಕೂಡಿಸಿ ಅದಕ್ಕೊಂದು ಹೊದಿಕೆ ಹೊಲಿದೆ, ಪಕ್ಕದ ಕನ್ನಡಿಗಳಿಗೆ ಎರಡು ಕಿವಿ ಇಟ್ಟು. ಹೀಗೆ ಹೊದ್ದು ಮಲಗಿದ ಗಾಡಿಗೆ ಎಂಥ ವಿಮೆ ಅಂತ ಕಾಗದ ಹಿಡಿದುಕೊಂಡು ಕಚೇರಿಗೇ ಹೋದೆ. ಕಿಟಕಿ ಪಕ್ಕದ ಮೇಜಿನಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬ ಹೆಂಗಸು ಕೂತಿದ್ದರು. "ಗಾಡಿ ಓಡ್ಲಿ ಬಿಡ್ಲಿ ಅಮ್ಮ, ನೋಂದಣಿ ಇರೋವರೆಗೂ ವಿಮೆ ಇರ್ಲೇಬೇಕು" ಅಂದರು. ನಮ್ಮ ಮನೆಯಲ್ಲಿ ಎರಡನೆಯ ಹೊಲಿಗೆ ಮೆಷಿನ್ನೂ ಹತ್ತು ವರ್ಷದಿಂದ ನಿಂತೇ ಇದೆ, ಅದಕ್ಕೂ ಮಾಡಿಸಲೇ ಅಂತ ಕೇಳಿದೆ. ಪಾಪ, ಕೋಪ ಮಾಡಿಕೊಳ್ಳಲಿಲ್ಲ. ನಿಂತ ಗಾಡಿಯೂ ಬ್ರೇಕು ಸಡಿಲವಾಗಿ ತಾನೇ ಉರುಳಬಹುದು, ಬೆಂಕಿ ಹತ್ತಿಕೊಳ್ಳಬಹುದು, ಆಗ ಪೆಟ್ಟು ತಿಂದವರಿಗೆ ಪರಿಹಾರ ಕೊಡುವವರು ಯಾರು, ಅದಕ್ಕೇ ಈ ನಿಯಮ ಅಂತ ಬಿಡಿಸಿ ಹೇಳಿದರು. ಬೇಡವೇ ಬೇಡ ಅಂದರೆ ಒಂದು ದಾರಿ ಇದೆಯಂತೆ. ಇನ್ನು ಈ ಗಾಡಿಯನ್ನು ರಸ್ತೆಗೆ ಇಳಿಸುವುದಿಲ್ಲ ಅಂತ ಹಸಿರು ಫಾರಂ ತುಂಬಿ, ನಂಬರ್ ಪ್ಲೇಟು ಬಿಚ್ಚಿ ಒಪ್ಪಿಸುವುದು. ಹಸಿರು ಫಾರಂ ಕೈಗೆ ಕೊಟ್ಟರು. ಅದರ ಕೊನೆಯಲ್ಲಿ "ಕಾರಣ" ಅಂತ ಒಂದು ಖಾಲಿ ಗೆರೆ. ಆ ಗೆರೆ ನೋಡುತ್ತಾ ಎಷ್ಟು ಹೊತ್ತು ಕೂತೆನೋ. ಓಡಿಸುವವಳು ಮನೆ ಬಿಟ್ಟು ಹೋಗಿದ್ದಾಳೆ ಅಂತ ಬರೆಯಲೇ? ಬರೆದರೆ ಅದು ನಿಜವಾಗಿಬಿಡುತ್ತದೆ ಅಂತ ಹೆದರಿಕೆಯಾಯಿತು.

ಕಾರಣ ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಒಮ್ಮೆ ಬರೆದುಬಿಡುತ್ತೇನೆ. ಆ ದಿನ ಬೆಳಗಿನ ಐದಕ್ಕೆ ನಿನ್ನ ಅಮ್ಮನ ಫೋನ್ ಬಂತು. ಅಪ್ಪನಿಗೆ ಉಸಿರು ಕಟ್ಟುತ್ತಿದೆ, ನಿನ್ನನ್ನೇ ಕೇಳುತ್ತಿದ್ದಾರೆ ಅಂತ. ನಿನ್ನ ಬಲಗೈ ಪ್ಲಾಸ್ಟರಿನಲ್ಲಿ. ಶೆಡ್ಡಿನಲ್ಲಿ ಪೆಟ್ರೋಲ್ ತುಂಬಿದ ಕಾರು, ಪಕ್ಕದಲ್ಲಿ ಗಟ್ಟಿಮುಟ್ಟಾದ ಗಂಡ, ಅವನಿಗೆ ಓಡಿಸಲು ಬರುವುದಿಲ್ಲ. ಮೂರು ಕಡೆ ಬೇಡಿಕೊಂಡು ಟ್ಯಾಕ್ಸಿ ಮನೆ ಮುಂದೆ ಬಂದಾಗ ಆರೂಕಾಲು. ನಾವು ಮುಟ್ಟಿದ್ದು ಏಳು ದಾಟಿ ಐದು ನಿಮಿಷಕ್ಕೆ. ಆರು ನಲವತ್ತಕ್ಕೆ ಅಪ್ಪ ಹೋಗಿಬಿಟ್ಟಿದ್ದರು. ಎಲ್ಲ ಮುಗಿದ ಮೇಲೆ ಬಟ್ಟೆ ತೆಗೆದುಕೊಳ್ಳಲು ಬಂದ ನೀನು ಬಾಗಿಲಲ್ಲಿ ನಿಂತು ಅವನಿಗೆ ಒಂದೇ ಮಾತು ಹೇಳಿದೆ: "ನಿಮಗೆ ಗಾಡಿ ಓಡ್ಸೋಕೆ ಬಂದಿದ್ದಿದ್ರೆ ಅಪ್ಪ ನನ್ನ ಮುಖ ನೋಡ್ಕೊಂಡು ಹೋಗ್ತಿದ್ರು." ಒಂಬತ್ತು ವರ್ಷ ಕಲೀರಿ, ಕಲೀರಿ ಅಂತ ಅವನ ಬೆನ್ನು ಬಿದ್ದವಳು ನೀನು. ಆ ಮಾತು ಆಡುವ ಹಕ್ಕು ನಿನಗಿತ್ತು. ಅವನು ನೆಲ ನೋಡಿಕೊಂಡು ನಿಂತ. ನಾನು ಮೆಷಿನ್ನಿನ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ನಾನು ಯಾಕೆ ತಲೆ ತಗ್ಗಿಸಿದೆ ಅನ್ನುವುದನ್ನು ಇನ್ನೊಂದು ಸ್ವಲ್ಪ ಹೊತ್ತಿಗೆ ಹೇಳುತ್ತೇನೆ, ಧೈರ್ಯ ಬರಲಿ.

ಕನ್ನಡಕದವರು ನನ್ನ ಮುಖ ನೋಡಿ ಏನೆಂದುಕೊಂಡರೋ, ಪ್ಲೇಟು ಬಿಚ್ಚುವ ಮೊದಲು ಯೋಚಿಸಿ ಅಂದರು. ಅಪರೂಪಕ್ಕೆ ಓಡುವ ಗಾಡಿಗಳಿಗೆ ವಿಮೆಯಲ್ಲಿ ರಿಯಾಯಿತಿ ಇದೆ, ಈಗಿನ ಮೀಟರಿನ ಫೋಟೋ ತನ್ನಿ, ಹಿಂದೆ ಬರೆದಿಟ್ಟದ್ದಿದ್ದರೆ ಅದನ್ನೂ ತನ್ನಿ ಅಂದರು. ಒಂದು ಕಿಲೋಮೀಟರೂ ಓಡಿಲ್ಲ ಬೇಕಾದರೆ ನೋಡಿ ಅಂತ ಜಂಬ ಕೊಚ್ಚಿಕೊಂಡು ಮನೆಗೆ ಬಂದೆ. ಶೆಡ್ಡಿಗೆ ಹೋಗಿ ನೋಡಿದರೆ ನಾನು ಹೊಲಿದ ಹೊದಿಕೆಯ ಕಿವಿಗಳು ಹಿಂದಿನ ಚಕ್ರದ ಹತ್ತಿರ ನೇತಾಡುತ್ತಿದ್ದವು. ಅಷ್ಟಾದರೂ ನನ್ನ ತಲೆಗೆ ಹೊಳೆಯಲಿಲ್ಲ, ಗಾಳಿ ತಿರುಗಿಸಿತು ಅಂದುಕೊಂಡೆ ನೋಡು. ಪೆಟ್ರೋಲ್ ಹಾಕಿಸಿದಾಗೆಲ್ಲ ಮೀಟರು ಬರೆದಿಡುವ ನಿನ್ನ ಪುಟ್ಟ ಪುಸ್ತಕ ಕಾರಿನ ಮುಂದಿನ ಡಬ್ಬಿಯಲ್ಲೇ ಇತ್ತು. ಕೊನೆಯ ಸಾಲು, ಕೈ ಮುರಿಯುವ ಹಿಂದಿನ ದಿನದ್ದು, 31,460. ಮೀಟರಿನಲ್ಲಿ 32,890. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನಿಂತ ಗಾಡಿ ಸಾವಿರದ ನಾನೂರ ಮೂವತ್ತು ಕಿಲೋಮೀಟರು ಓಡಿತ್ತು. ಕಳ್ಳ ಕದ್ದೊಯ್ದು ತಂದಿಟ್ಟನೇ? ತಂದಿಟ್ಟು ಹೊದಿಕೆಯನ್ನೂ ಹೊದಿಸಿದನೇ? ಹಿಂದುಮುಂದಾಗಿ ಹೊದಿಸುವ ಕಳ್ಳ ಈ ಮನೆಯಲ್ಲಿ ಒಬ್ಬನೇ ಅಂತ ಆಗ ಹೊಳೆಯಿತು.

ರಾತ್ರಿ ಊಟದ ತಟ್ಟೆಯ ಪಕ್ಕ ಆ ಪುಸ್ತಕ ಇಟ್ಟೆ. ಅವನು ಪುಸ್ತಕ ನೋಡಿದ, ನನ್ನನ್ನು ನೋಡಿದ, ಎಂಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟ. ನೀನು ಹೋದ ಮುಂದಿನ ವಾರವೇ ಡ್ರೈವಿಂಗ್ ಸ್ಕೂಲಿಗೆ ಸೇರಿದನಂತೆ. ದಿನಾ ಬೆಳಿಗ್ಗೆ ವಾಕಿಂಗಿಗೆ ಅಂತ ಹೋಗುತ್ತಿದ್ದದ್ದು ಅಲ್ಲಿಗೆ. ಎರಡು ಸಲ ಪರೀಕ್ಷೆಯಲ್ಲಿ ನಪಾಸು, ಮೂರನೆಯ ಸಲ ಲೈಸೆನ್ಸು. ಆಮೇಲೆ ಪ್ರತಿ ಬುಧವಾರ, ಅವನಿಗೆ ಹಲ್ಲಿನ ಲ್ಯಾಬಿನ ರಜೆ, ನಾನು ಬಟ್ಟೆ ಅಂಗಡಿಗೆ ಆಲ್ಟರೇಷನ್ನಿಗೆ ಹೋಗುವ ದಿನ, ಕಾರು ತೆಗೆದುಕೊಂಡು ನಿನ್ನ ಅಮ್ಮನ ಮನೆಯ ತಿರುವಿನವರೆಗೆ ಹೋಗುತ್ತಾನೆ. ನೀನು ಶಾಲೆಯಲ್ಲಿರುವ ಹೊತ್ತು ನೋಡಿಕೊಂಡೇ ಹೋಗುತ್ತಾನೆ. ಹೋಗಲು ನಲವತ್ತೊಂದು, ಬರಲು ನಲವತ್ತೊಂದು. ನೀನು ಲೆಕ್ಕದ ಟೀಚರು, ಭಾಗಿಸಿ ನೋಡು: ಹದಿನೇಳು ಸಲ, ಮಿಕ್ಕ ಮೂವತ್ತಾರು ಕಿಲೋಮೀಟರು ಪೆಟ್ರೋಲ್ ಬಂಕು ಹುಡುಕಿದ್ದಿರಬೇಕು. ಅವಳಿಲ್ಲದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಏನು ಮಾಡುತ್ತೀಯ ಅಂತ ಕೇಳಿದೆ. ಅನ್ನ ಕಲಸುತ್ತಾ ಕಲಸುತ್ತಾ ಹೇಳಿದ.

"ಏನೂ ಮಾಡಲ್ಲಮ್ಮ. ಗಡಿಯಾರ ನೋಡ್ತೀನಿ. ಐವತ್ತೆರಡು ನಿಮಿಷ. ಒಂದ್ಸಲಾನೂ ಅದಕ್ಕಿಂತ ಜಾಸ್ತಿ ಆಗಿಲ್ಲ. ಅವತ್ತು ಐದೂ ಹತ್ತಕ್ಕೆ ಹೊರಟಿದ್ರೂ ಆರೂ ಎರಡಕ್ಕೆ ಅಲ್ಲಿರ್ತಿದ್ವಿ. ಅವಳಿಗೆ ಅವಳ ಅಪ್ಪ ಮೂವತ್ತೆಂಟು ನಿಮಿಷ ಸಿಕ್ತಿದ್ರು."

ಮಗಳೇ, ಅನ್ನದ ತಟ್ಟೆ ಹಾಗೇ ಉಳಿಯಿತು. ಹದಿನೇಳು ಸಲ ಅದೇ ದಾರಿಯಲ್ಲಿ ಹೋಗಿ, ನೀನು ಹೇಳಿದ ಮಾತು ಸರಿಯೇ ಅಂತ ಹದಿನೇಳು ಸಲ ಖಾತ್ರಿ ಮಾಡಿಕೊಂಡು, ಯಾರಿಗೂ ಹೇಳದೆ ವಾಪಸು ಬಂದಿದ್ದಾನೆ. ಹೋಗಿ ಹೇಳಬಾರದೇನೋ ಅಂದರೆ, ಯಾವ ಮುಖ ಇಟ್ಟುಕೊಂಡು ಅಂದ.

ಈಗ ನನ್ನ ಮುಖದ ವಿಷಯ. ಅವನಿಗೆ ಹತ್ತೊಂಬತ್ತು ಇದ್ದಾಗ ನಿನ್ನ ಮಾವನವರು ಅಂಗಳದಲ್ಲಿ ಕಾರು ಕಲಿಸುತ್ತಿದ್ದರು. ಬ್ರೇಕು ಅಂದುಕೊಂಡು ಇನ್ನೊಂದನ್ನು ಒತ್ತಿದ. ಕಾರು ಹೋಗಿ ಗೇಟಿನ ಕಂಬಕ್ಕೆ ಬಡಿಯಿತು. ಆ ಕಂಬದ ಹತ್ತಿರ ಬಟ್ಟೆ ಹರವುತ್ತಿದ್ದವಳು ನಾನು, ಕ್ಲಿಪ್ಪು ತರಲು ಆಗಷ್ಟೇ ಒಳಗೆ ಕಾಲಿಟ್ಟಿದ್ದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ಹುಚ್ಚಿಯ ಹಾಗೆ ಓಡಿ ಬಂದು, ಇನ್ನೆಂದೂ ಸ್ಟಿಯರಿಂಗ್ ಮುಟ್ಟಬೇಡ, ನನ್ನಾಣೆ ಅಂತ ಅವನ ಕೈಯಲ್ಲಿ ಮಾತು ತೆಗೆದುಕೊಂಡೆ. ಅವನು ಆಣೆ ಉಳಿಸಿಕೊಂಡ. ನೀನು ಸೋಮಾರಿ ಅಂದಾಗಲೂ, ಪುಕ್ಕಲ ಅಂದಾಗಲೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಒಂಬತ್ತು ವರ್ಷ ಅದೇ ಕೋಣೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಾ ಕೇಳಿಸಿಕೊಂಡೆ. ಆ ಬೆಳಿಗ್ಗೆ ಅವನ ಕೈ ಕಟ್ಟಿಹಾಕಿದ್ದು ನಾನು, ಬೈಸಿಕೊಂಡದ್ದು ಅವನು. ನಿನ್ನ ಅಪ್ಪನ ಮೂವತ್ತೆಂಟು ನಿಮಿಷ ನನ್ನಿಂದ ಹೋಯಿತು. ಹೊಟ್ಟೆಗೆ ಹಾಕಿಕೋ ಅಂತ ಕೇಳುವುದಕ್ಕೂ ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಆ ರಾತ್ರಿ ಅವನ ಬೆನ್ನ ಮೇಲೆ ಕೈಯಿಟ್ಟು, ಆಣೆ ವಾಪಸು ತಗೊಂಡೆ ಕಣೋ ಅಂದೆ. "ಮುರಿದಾಗಿದೆಯಲ್ಲಮ್ಮ" ಅಂದ.

ಮೊನ್ನೆ ಗುರುವಾರ ಕಚೇರಿಗೆ ಅವನೇ ಕರೆದುಕೊಂಡು ಹೋದ. ಸೀಟನ್ನು ಎಷ್ಟು ಮುಂದೆ ಎಳೆದುಕೊಳ್ಳುತ್ತಾನೆ ಅಂದರೆ ಮೂಗು ಗಾಜಿಗೆ ತಾಗಬೇಕು. ತಿರುವು ಬರುವ ಮೊದಲೇ ಹಾರ್ನು, ತಿರುವಿನಲ್ಲಿ ಹಾರ್ನು, ತಿರುಗಿದ ಮೇಲೆ ಇನ್ನೊಂದು. ನಾನು ಬೆಲ್ಟು ಹಿಡಿದುಕೊಂಡು ಕೂತಿದ್ದೆ. "ಅಮ್ಮ, ಕಣ್ಣು ಬಿಡು, ಬಂದಾಯ್ತು" ಅಂದಾಗಲೇ ಗೊತ್ತಾದದ್ದು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ ಅಂತ. ಆದರೆ ಒಂದು ಮಾತು ಹೇಳುತ್ತೇನೆ, ಒಮ್ಮೆಯೂ ಜಗ್ಗಲಿಲ್ಲ, ಎತ್ತಿಹಾಕಲಿಲ್ಲ. ಹಲ್ಲು ಕೂರಿಸುವ ಕೈ, ಬ್ರೇಕನ್ನೂ ಅಷ್ಟೇ ಮೆತ್ತಗೆ ಒತ್ತುತ್ತದೆ. ಅವನನ್ನು ಗಾಡಿಯಲ್ಲೇ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಓಡಿಲ್ಲ ಅಂತ ಹೇಳಿದ್ದು ಸುಳ್ಳಾಯಿತು, ರಿಯಾಯಿತಿ ಬೇಡ, ಓಡುವ ಗಾಡಿ ಅಂತಲೇ ಬರೆದುಕೊಳ್ಳಿ ಅಂದೆ. ಕನ್ನಡಕದವರು ನಕ್ಕು ಬಿಳಿ ಫಾರಂ ಕೊಟ್ಟರು.

ಎರಡೂ ಫಾರಂ ಈ ಲಕೋಟೆಯಲ್ಲಿವೆ. ಹಸಿರಿನದು ಪ್ಲೇಟು ಬಿಚ್ಚುವುದಕ್ಕೆ, ಬಿಳಿಯದು ವಿಮೆ ಮುಂದುವರಿಸಿ ಇನ್ನೊಬ್ಬ ಚಾಲಕನನ್ನು ಸೇರಿಸುವುದಕ್ಕೆ. ಕಾರು ನಿನ್ನದು, ಸಹಿ ನಿನ್ನದೇ ಆಗಬೇಕು. ಮಿಕ್ಕದ್ದೆಲ್ಲ ತುಂಬಿಟ್ಟಿದ್ದೇನೆ. ಹಸಿರಿನಲ್ಲಿ "ಕಾರಣ" ಅನ್ನುವ ಗೆರೆ, ಬಿಳಿಯದರಲ್ಲಿ "ಚಾಲಕರಿಗೂ ನಿಮಗೂ ಸಂಬಂಧ" ಅನ್ನುವ ಗೆರೆ, ಇವೆರಡನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅವು ನಾನು ತುಂಬುವಂಥವಲ್ಲ. ಯಾವುದಕ್ಕೆ ಸಹಿ ಹಾಕಬೇಕು ಅಂತಲೂ ಹೇಳುವುದಿಲ್ಲ. ಏನು ಬರೆದರೂ ನೀನು ನನಗೆ ಮಗಳೇ, ಅದಕ್ಕೆ ಯಾವ ಫಾರಮೂ ಬೇಕಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಡು. ನಿನ್ನ ಮನಸ್ಸು ತಣ್ಣಗಿರಲಿ, ನೀನು ಹೋದ ದಾರಿಯಲ್ಲೆಲ್ಲ ಒಳ್ಳೆಯದಾಗಲಿ.

ಇಂತಿ,
ನಿನ್ನ ಬಾಯಿಬಡುಕಿ ಅತ್ತೆ

ಮರೆತ ಮಾತು: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದು ನೋಡಿರುತ್ತೀಯ. ತಂದವನು ಆಚೆ ತಿರುವಿನಲ್ಲಿ ಗಾಡಿಯಲ್ಲೇ ಕೂತಿದ್ದಾನೆ. ಒಳಗೆ ಏನಿದೆ ಅಂತ ಅವನಿಗೆ ಗೊತ್ತಿಲ್ಲ. ಬೀಗಿತ್ತಿಯವರಿಗೆ ಪರದೆ ಹೊಲಿದಿದ್ದೇನೆ, ಲಕೋಟೆ, ಪೊಟ್ಟಣ ಎರಡನ್ನೂ ಗೇಟಿನ ಟಪಾಲು ಡಬ್ಬಿಯಲ್ಲಿಟ್ಟು ಬೆಲ್ ಒತ್ತು, ಇನ್ನೊಂದು ಜೋಡಿಯ ಅಳತೆಗೆ ಹಳೆಯ ಪರದೆ ಕೊಡುವವರೆಗೆ ಗಾಡಿಯಲ್ಲೇ ಕಾಯಿ ಅಂತ ಹೇಳಿ ಕಳಿಸಿದ್ದೇನೆ. (ಪರದೆ ನಿಜವಾಗಿಯೂ ಇದೆ. ಹಳೆಯದನ್ನು ಕೊಡಬೇಡಿ ಅಂತ ನಿನ್ನ ಅಮ್ಮನಿಗೆ ಫೋನ್ ಮಾಡಿದ್ದೇನೆ.) ಇವತ್ತು ನಿನಗೂ ಶಾಲೆಯಿಲ್ಲ, ಅವನಿಗೂ ಲ್ಯಾಬಿಗೆ ರಜೆ ಹಾಕಿಸಿ ಹತ್ತೂವರೆಗೆ ಹೊರಡಿಸುತ್ತೇನೆ, ಹನ್ನೊಂದು ಇಪ್ಪತ್ತೆರಡಕ್ಕೆ ಅಲ್ಲಿರುತ್ತಾನೆ. ವಿಮೆ ಮುಗಿಯುವುದು ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ. ವಾಪಸು ಬರಲು ಐವತ್ತೆರಡು ನಿಮಿಷ ಬೇಕು, ಇರುವುದು ಮೂವತ್ತೆಂಟು. ನಿನ್ನ ಸಹಿ ಇಲ್ಲದೆ ಹನ್ನೆರಡರ ಮೇಲೆ ಆ ಗಾಡಿ ಒಂದು ಗೇಣೂ ಅಲ್ಲಾಡುವ ಹಾಗಿಲ್ಲ, ಕಾನೂನು ಮುರಿಯುವ ಧೈರ್ಯ ಅವನಿಗೆ ಇಲ್ಲ ಅಂತ ನಿನಗೇ ಗೊತ್ತು. ವಿಮೆ ಕಚೇರಿಯ ಶಾಖೆ ನಿಮ್ಮ ಮನೆಯಿಂದ ಎರಡನೆಯ ಬೀದಿಯಲ್ಲೇ ಇದೆ, ಒಂದು ಗಂಟೆವರೆಗೆ ತೆರೆದಿರುತ್ತದೆ, ಇಬ್ಬರೂ ನಡೆದುಕೊಂಡೇ ಹೋಗಬಹುದು. ಹೋಗದಿದ್ದರೆ ಗಾಡಿಯೂ ಅವನೂ ಅಲ್ಲೇ ಇರಲಿ, ನನಗೆ ಅವಸರವಿಲ್ಲ. ಅವನಾಗಿ ಏನೂ ಹೇಳುವುದಿಲ್ಲ. ನೀನೇ ಗಾಜು ತಟ್ಟಿ, ಇವತ್ತು ಎಷ್ಟು ನಿಮಿಷ ಆಯಿತು ಅಂತ ಕೇಳು.